ಆಮೆ, ಹಾವು, ಇಗುವಾನಾ ಸಾಕುವವರ ಗಮನಕ್ಕೆ: ಅಂಗಡಿ ರಸೀದಿ ಪರವಾನಗಿ ಅಲ್ಲ

ಮಳೆ ಬಿದ್ದು ಹುಲ್ಲು ಚಿಗುರಿದಾಗ ರಾಯಲಸೀಮೆಯ ಕುರುಚಲು ಕಾಡಿನ ಅಂಚಿನಲ್ಲಿ, ಅದಕ್ಕೆ ಅಂಟಿಕೊಂಡ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹೊಲಗಳ ಬದುವಿನಲ್ಲಿ ನಕ್ಷತ್ರ ಆಮೆಗಳು ಕಾಣಿಸಿಕೊಳ್ಳುತ್ತವೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ಚುಕ್ಕಿ ಚಿತ್ತಾರ ನೋಡಿ ಮಕ್ಕಳು ಅದನ್ನು ಮನೆಗೆ ಹೊತ್ತು ತರುತ್ತಾರೆ. ದೊಡ್ಡವರೂ ಬೇಡವೆನ್ನುವುದಿಲ್ಲ. ನಾಲ್ಕು ದಿನದಲ್ಲಿ ಯಾರೋ ಬಂದು ಕೈಗೆ ಒಂದಿಷ್ಟು ದುಡ್ಡಿಟ್ಟು ಆಮೆ ಕೇಳುತ್ತಾರೆ. ಕೊಟ್ಟವರಿಗೆ ಅದೊಂದು ಸಣ್ಣ ವ್ಯಾಪಾರ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ಕನಿಷ್ಠ 3 ವರ್ಷ ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ.

ಪೇಟೆಯಲ್ಲಿ ಇನ್ನೊಂದು ಬಗೆಯ ವ್ಯಾಪಾರವಿದೆ. ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವು, ಅಮೆರಿಕ ಖಂಡದ ಹಸಿರು ಇಗುವಾನಾ, ಆಫ್ರಿಕಾದ ಸಲ್ಕಾಟಾ ಆಮೆ ಮುಂತಾದವುಗಳನ್ನು ಸಾಕುಪ್ರಾಣಿಗಳೆಂದು ಮಾರುತ್ತಾರೆ. ಇವನ್ನು ಸಾಕಲು ಕಾನೂನಿನಲ್ಲಿ ದಾರಿಯಿದೆ. ಆದರೆ ಆ ದಾರಿ ಕಾಗದ ಪತ್ರಗಳ ಮೂಲಕವೇ ಹೋಗಬೇಕು.

ಮೊದಲ ಪ್ರಶ್ನೆ: ಪ್ರಾಣಿ ಎಲ್ಲಿಯದು?

ಸರೀಸೃಪ ಕೊಳ್ಳುವವರು ಬೆಲೆ ಕೇಳುವ ಮೊದಲು ಅದು ನಮ್ಮ ನೆಲದ್ದೋ ಹೊರದೇಶದ್ದೋ ಎಂದು ಕೇಳಬೇಕು. ಮುಂದಿನ ನಿಯಮಗಳೆಲ್ಲ ಈ ಉತ್ತರದ ಮೇಲೆ ನಿಂತಿವೆ.

ದೇಶದಲ್ಲಿ ಇದಕ್ಕೆ ಮೂಲ ಕಾನೂನು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ. ಇದಕ್ಕೆ 2022ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು 6 ಇದ್ದ ಶೆಡ್ಯೂಲ್‌ಗಳು ಈಗ 4 ಆಗಿವೆ. ಇಲ್ಲಿ ಗೊಂದಲಕ್ಕೆ ಅವಕಾಶವಿದೆ. ನಕ್ಷತ್ರ ಆಮೆ ಮೊದಲು ಕಡಿಮೆ ರಕ್ಷಣೆಯ ಹಳೆಯ ಶೆಡ್ಯೂಲ್ 4ರಲ್ಲಿತ್ತು. ಈಗ ಅದು ಅತ್ಯುನ್ನತ ರಕ್ಷಣೆಯ ಶೆಡ್ಯೂಲ್ 1ರಲ್ಲಿದೆ. ಇಂದಿನ ಶೆಡ್ಯೂಲ್ 4 ಬೇರೆಯದೇ ಪಟ್ಟಿ. ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ವ್ಯಾಪ್ತಿಗೆ ಬರುವ ಜೀವಿಗಳು ಅದರಲ್ಲಿವೆ. ಹಳೆಯ ಕರಪತ್ರ, ಹಳೆಯ ಪುಸ್ತಕ ನೋಡಿ ತೀರ್ಮಾನಕ್ಕೆ ಬರುವುದು ಅಪಾಯ.

ನಮ್ಮ ನೆಲದ ಪ್ರಾಣಿಗೆ ಕಾಗದ ಸಿಗದು

ಕಾಡಿನಿಂದಲೋ ಹೊಲದಿಂದಲೋ ಹಿಡಿದು ತಂದ ನಕ್ಷತ್ರ ಆಮೆ, ಉಡ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕಲು ಪರವಾನಗಿ ಕೊಡುವ ಕಚೇರಿ ಯಾವುದೂ ಇಲ್ಲ. ಕಾಯ್ದೆಯ ಪ್ರಕಾರ 'ಬೇಟೆ' ಎಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಬಲೆ ಒಡ್ಡುವುದು ಕೂಡ ಬೇಟೆಯೇ. ಆದ್ದರಿಂದ 'ಲೈಸೆನ್ಸ್ ಇರುವ ನಕ್ಷತ್ರ ಆಮೆ' ಎಂದು ಯಾರಾದರೂ ಮಾರಲು ಬಂದರೆ ಅದು ಸುಳ್ಳೆಂದೇ ತಿಳಿಯಬೇಕು.

ಕನ್ನಡದಲ್ಲಿ ಮಣ್ಣುಮುಕ್ಕ, ಎರಡು ತಲೆ ಹಾವು, ತೆಲುಗಿನಲ್ಲಿ ರೆಂಡು ತಲಲ ಪಾಮು, ತಮಿಳಿನಲ್ಲಿ ಮಣ್ಣುಳಿ ಪಾಂಬು ಎನ್ನುವ ಹಾವಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕಿರುವುದು ಒಂದೇ ತಲೆ. ಮೊಂಡಾದ ಬಾಲ ತಲೆಯಂತೆ ಕಾಣುತ್ತದೆ ಅಷ್ಟೆ. ಮನೆಯಲ್ಲಿಟ್ಟರೆ ನಿಧಿ ಸಿಗುತ್ತದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂಬ ಮಾತು ನಂಬಿ ದುಡ್ಡು ಕಳೆದುಕೊಂಡವರೂ ಇದ್ದಾರೆ, ಜೈಲು ಸೇರಿದವರೂ ಇದ್ದಾರೆ.

ಶೆಡ್ಯೂಲ್ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ ಇದೆ. ಕಾಯ್ದೆಯ ಇತರ ಸಾಮಾನ್ಯ ಉಲ್ಲಂಘನೆಗಳಿಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಒಂದು ಆಮೆಗೆ ಇಷ್ಟು ಕಠಿಣ ಶಿಕ್ಷೆ ಏಕೆ ಎಂದು ಕೇಳುವವರಿದ್ದಾರೆ. ದಕ್ಷಿಣ ಭಾರತದ ಒಂದೇ ಒಂದು ಸಂಗ್ರಹ ಕೇಂದ್ರದ ಮೂಲಕ ಒಂದು ವರ್ಷದಲ್ಲಿ ಕನಿಷ್ಠ 55 ಸಾವಿರ ನಕ್ಷತ್ರ ಆಮೆಗಳು ಸಾಗಿಹೋದವು ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಹಳ್ಳಿಯಲ್ಲಿ ಒಂದೊಂದಾಗಿ ಹೆಕ್ಕಿದ್ದೇ ಹೀಗೆ ಮೂಟೆಯಾಗುತ್ತದೆ. 2019ರಲ್ಲಿ ಸೈಟಿಸ್ ಸದಸ್ಯ ರಾಷ್ಟ್ರಗಳು ಈ ಆಮೆಯನ್ನು ಮೊದಲ ಪಟ್ಟಿಗೆ ಏರಿಸಿ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಿದವು. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ಆಮೆಗಳನ್ನು ಬೆಂಗಳೂರಿಗೆ ವಾಪಸು ತರಲಾಗಿತ್ತು. ಹೋದವುಗಳ ಲೆಕ್ಕದ ಮುಂದೆ ಹೀಗೆ ಮರಳಿ ಬರುವುದು ಬೆರಳೆಣಿಕೆಯಷ್ಟೇ.

ಹೊರದೇಶದ ಪ್ರಾಣಿಗೆ ನೋಂದಣಿ ಕಡ್ಡಾಯ

ಬಾಲ್ ಪೈಥಾನ್, ಹಸಿರು ಇಗುವಾನಾ, ಸಲ್ಕಾಟಾ ಆಮೆ ಇವೆಲ್ಲ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿವೆ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ತಾವಾಗಿಯೇ ಘೋಷಿಸಿಕೊಳ್ಳಲು 6 ತಿಂಗಳ ಅವಕಾಶ ಕೊಟ್ಟಿತ್ತು. ಆ ಅವಧಿ ಮುಗಿದುಹೋದ ಕಥೆ. ಈಗಲೂ ಅದೇ ರಿಯಾಯಿತಿ ಇದೆ ಎಂದು ಮಾರುವವರು ಹೇಳಿದರೆ ನಂಬಬಾರದು.

ಇಂದು ನಡೆಯುವುದು ಕಾಯ್ದೆಯ 49-ಎಂ ಕಲಂ ಮತ್ತು 2024ರ ಫೆಬ್ರವರಿ 28ರಂದು ಪ್ರಕಟವಾದ ನೋಂದಣಿ ನಿಯಮಗಳು. ಶೆಡ್ಯೂಲ್ 4ರ ಜೀವಂತ ಪ್ರಾಣಿ ಇದ್ದವರು ಕೇಂದ್ರ ಸರ್ಕಾರದ 'ಪರಿವೇಶ್ 2.0' ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಮೊದಲೇ ಪ್ರಾಣಿ ಇದ್ದವರಿಗೆ ನಿಯಮ ಬಂದ ದಿನದಿಂದ 6 ತಿಂಗಳ ಗಡುವು ಇತ್ತು. ಆ ಬಳಿಕ ಪಡೆದವರು ಪ್ರಾಣಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಪ್ರಾಣಿಯನ್ನು ಕಾನೂನು ಮೀರಿ ಪಡೆದಿಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ.

ನೋಂದಣಿ ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ. ರೈತರಿಗೆ ಪಹಣಿ, ಮ್ಯುಟೇಶನ್ ಗೊತ್ತು. ಜಮೀನು ಕೈ ಬದಲಾದರೆ ಖಾತೆಯೂ ಬದಲಾಗಬೇಕು. ಇಲ್ಲಿಯೂ ಹಾಗೆಯೇ.

* ಮಾರಿದರೂ, ದಾನ ಕೊಟ್ಟರೂ, ನೆಂಟರಿಗೆ ಉಡುಗೊರೆ ಕೊಟ್ಟರೂ ವರ್ಗಾವಣೆಯನ್ನು ವರದಿ ಮಾಡಬೇಕು. ಪಡೆದವರ ಹೆಸರಿಗೆ ಹೊಸ ಪ್ರಮಾಣಪತ್ರ ಆಗಬೇಕು.
* ಮರಿ ಹುಟ್ಟಿದರೆ ಅದನ್ನೂ ವರದಿ ಮಾಡಿ ನೋಂದಾಯಿಸಬೇಕು. ತಾಯಿಯ ಕಾಗದ ಮರಿಗೆ ಅನ್ವಯಿಸುವುದಿಲ್ಲ.
* ಸತ್ತರೆ ಸದ್ದಿಲ್ಲದೆ ಹೂಳಬಾರದು, ವರದಿ ಮಾಡಬೇಕು. ಇಲ್ಲವಾದರೆ ಸತ್ತ ಪ್ರಾಣಿಯ ಕಾಗದ ಇನ್ನೊಂದು ಕಳ್ಳ ಪ್ರಾಣಿಯ ಹೆಸರಿಗೆ ಓಡಾಡುತ್ತದೆ.
* ಶೆಡ್ಯೂಲ್ 4ರಲ್ಲಿ ಮೊದಲ ಪಟ್ಟಿಗೆ ಸೇರಿದ ಜೀವಿಯ ಮರಿ ಮಾಡಿಸುವ ಉದ್ಯಮಕ್ಕೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಪ್ರತ್ಯೇಕ ಪರವಾನಗಿ ಬೇಕು.

ದಾಖಲೆ ಯಾಕೆ ಬೇಕು?

ಅಂಗಡಿಯವರ ರಸೀದಿ ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ. ಪ್ರಾಣಿ ಕಾನೂನುಬದ್ಧವಾಗಿ ಬಂತು ಎನ್ನುವುದಕ್ಕೆ ಅದು ಸಾಕ್ಷಿಯಾಗದು. ಕಾಯ್ದೆಯ 57ನೇ ಕಲಂ ಇಲ್ಲಿ ಮುಖ್ಯ. ವನ್ಯಪ್ರಾಣಿ ಒಬ್ಬರ ವಶದಲ್ಲಿತ್ತು ಎಂದು ಸಾಬೀತಾದರೆ, ಅದನ್ನು ಅಕ್ರಮವಾಗಿ ಇಟ್ಟುಕೊಂಡಿದ್ದಾರೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಇಟ್ಟುಕೊಂಡವರದ್ದು. 'ಅಂಗಡಿಯವರು ಹೇಳಿದರು' ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಕೊಳ್ಳುವ ಮುನ್ನವೇ ಮಾರುವವರ ಹೆಸರಿನ ನೋಂದಣಿ ಪ್ರಮಾಣಪತ್ರ ನೋಡಬೇಕು. ಅದರಲ್ಲಿರುವ ವೈಜ್ಞಾನಿಕ ಹೆಸರು ಮತ್ತು ಗುರುತು ಎದುರಿಗಿರುವ ಪ್ರಾಣಿಗೆ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಬೇಕು. ಪ್ರಮಾಣಪತ್ರದ ಪ್ರತಿ, ರಸೀದಿ, ಪಶುವೈದ್ಯರ ಚೀಟಿ, ಚಿಪ್ಪು ಅಥವಾ ಮೈಯ ಚಿತ್ತಾರ ಸ್ಪಷ್ಟವಾಗಿ ಕಾಣುವ ದಿನಾಂಕಸಹಿತ ಫೋಟೊ ಇವನ್ನೆಲ್ಲ ಒಂದೇ ಫೈಲಿನಲ್ಲಿ ಇಡುವುದು ಒಳ್ಳೆಯದು. 'ಕಾಗದ ಆಮೇಲೆ ಕಳಿಸುತ್ತೇವೆ' ಎಂದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಅಂಗಡಿ ಇಡುವವರಿಗೆ 2018ರ ಪೆಟ್ ಶಾಪ್ ನಿಯಮಗಳೂ ಅನ್ವಯಿಸುತ್ತವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿಯನ್ನು ನೋಂದಾಯಿಸಿ, ಪ್ರಾಣಿ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬ ಲೆಕ್ಕ ಬರೆದಿಡಬೇಕು. ಆದರೆ ಅಂಗಡಿಗೆ ನೋಂದಣಿ ಇದೆ ಎಂದ ಮಾತ್ರಕ್ಕೆ ಒಳಗಿರುವ ಪ್ರತಿಯೊಂದು ಪ್ರಾಣಿಯೂ ಸಕ್ರಮ ಎಂದಲ್ಲ.

ಗಡಿ ದಾಟಿದರೆ ಕಾನೂನು ಬದಲಾಗದು

ಗಡಿನಾಡಿನವರಿಗೆ ಹೊಲ ಒಂದು ರಾಜ್ಯದಲ್ಲಿ, ಸಂತೆ ಇನ್ನೊಂದು ರಾಜ್ಯದಲ್ಲಿ ಇರುವುದು ಹೊಸದಲ್ಲ. ಅಲ್ಲಿ ನಡೆಯುವುದು ಇಲ್ಲಿ ನಡೆಯದು ಎಂಬ ಅನುಭವವೂ ಅವರಿಗಿದೆ. ಆದರೆ ಇದು ಕೇಂದ್ರದ ಕಾಯ್ದೆ. ಆಂಧ್ರದಲ್ಲಿ ಹಿಡಿದ ಆಮೆ ಕರ್ನಾಟಕಕ್ಕೆ ಬಂದರೂ, ಹೊಸೂರಿನ ದಾರಿಯಲ್ಲಿ ತಮಿಳುನಾಡಿಗೆ ಹೋದರೂ ಅಪರಾಧ ಅಪರಾಧವೇ. 'ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರವಾಗದು' ಎಂಬ ಅರ್ಥದ ತಮಿಳು ಗಾದೆಯನ್ನು ಹೊಸೂರು, ತಾಳವಾಡಿಯ ಕನ್ನಡಿಗರೂ ಬಲ್ಲರು. ಪಾಪ, ಆಮೆಯಿಂದ ಮನೆಗೆ ಯಾವ ಕೇಡೂ ಇಲ್ಲ. ಆದರೆ ಕಾಗದವಿಲ್ಲದ ಆಮೆಯ ಹಿಂದೆ ಅಮೀನರೂ ಬರುವ ಕಾಲವಿದು.

ಸಿಕ್ಕಿದರೆ ಏನು ಮಾಡಬೇಕು?

ಹೊಲದಲ್ಲಿ ಕಂಡ ಆಮೆಯನ್ನು ಮುಟ್ಟದೆ ಅದರ ಪಾಡಿಗೆ ಬಿಡುವುದೇ ಸರಿ. ಗಾಯವಾಗಿದ್ದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು. ಮಾರಲು ಬಂದವರಿಂದ 'ಉಳಿಸಿಕೊಳ್ಳೋಣ' ಎಂದು ದುಡ್ಡು ಕೊಟ್ಟು ಬಿಡಿಸುವುದೂ ಕೊಳ್ಳುವುದೇ ಆಗುತ್ತದೆ.

ವರ್ಷಗಳಿಂದ ಮನೆಯಲ್ಲಿ ಸಾಕಿದ ನಕ್ಷತ್ರ ಆಮೆ ಇದ್ದರೆ ಅದನ್ನು ರಾತ್ರೋರಾತ್ರಿ ಗುಡ್ಡಕ್ಕೆ ಬಿಟ್ಟು ಬರುವುದು ತಪ್ಪು. ಮನೆಯಲ್ಲಿ ಬೆಳೆದ ಆಮೆ ತನ್ನ ರೋಗವನ್ನು ಕಾಡಿನ ಆಮೆಗಳಿಗೆ ಅಂಟಿಸಬಹುದು. ಚೌಕಾಸಿ ಪೇಟೆಯಲ್ಲಿ ಕೊಂಡ ಕೆಂಪು ಕಿವಿಯ ವಿದೇಶಿ ಆಮೆಯನ್ನು ಊರ ಕೆರೆಗೆ ಬಿಟ್ಟರೆ ಅದು ಸ್ಥಳೀಯ ಆಮೆಗಳ ಆಹಾರ, ನೆಲೆ ಎರಡನ್ನೂ ಕಿತ್ತುಕೊಳ್ಳುತ್ತದೆ. ತಾವಾಗಿ ಒಪ್ಪಿಸಿದವರಿಗೆ ಕ್ಷಮೆ ಖಂಡಿತ ಎಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಹಾಗಾಗಿ ಊರಿನ ವಕೀಲರೊಬ್ಬರನ್ನು ಕೇಳಿ, ಅವರ ಜೊತೆಯಲ್ಲೇ ಅರಣ್ಯ ಕಚೇರಿಗೆ ಹೋಗಿ ಪ್ರಾಣಿಯನ್ನು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಲಿಖಿತ ಸ್ವೀಕೃತಿ ಪಡೆಯುವುದು ಕ್ಷೇಮ. ತಪಾಸಣೆಯಲ್ಲಿ ಸಿಕ್ಕಿಬೀಳುವುದಕ್ಕೂ ತಾವಾಗಿಯೇ ಹೋಗಿ ಒಪ್ಪಿಸುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಹೇಳುವುದೂ ಕೊನೆಗೆ ಆ ಒಂದು ಹಾಳೆ ಕಾಗದವೇ.