ತಂಬೂರಿಯಿಂದ ಆ್ಯಪ್‌ವರೆಗೆ: ಧಾರವಾಡ ಸೀಮೆಯಲ್ಲಿ ಶ್ರುತಿಯ ಖರ್ಚು

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಎರಿಭೂಮಿಯಲ್ಲಿರುವ ಮೊರಬ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಭಜನೆಯಾಗಲಿ ತತ್ವಪದವಾಗಲಿ ಶ್ರುತಿ ಹಿಡಿಯದೆ ಆರಂಭವಾಗುವುದಿಲ್ಲ. ಶ್ರುತಿಯೆಂದರೆ ಹಾಡುವವರ ಷಡ್ಜವನ್ನು ಹಾಡು ಮುಗಿಯುವ ತನಕ ಕದಲದಂತೆ ನಿಲ್ಲಿಸುವ ಆಧಾರನಾದ. ಈ ನಾದವನ್ನು ಒದಗಿಸುವ ಸಾಧನ ಕಳೆದ ಒಂದೂವರೆ ಶತಮಾನದಲ್ಲಿ ಏಕತಾರಿಯಿಂದ ಪೇಟಿಗೆ (ಹಾರ್ಮೋನಿಯಂಗೆ), ಪೇಟಿಯಿಂದ ವಿದ್ಯುತ್ ಪೆಟ್ಟಿಗೆಗೆ, ಅಲ್ಲಿಂದ ಮೊಬೈಲಿನ ಆ್ಯಪ್‌ಗೆ ಬದಲಾಗುತ್ತ ಬಂದಿದೆ. ಆ್ಯಪ್ ತನ್ನ ಬೆಲೆಗೆ ತಕ್ಕದ್ದೇ ಎಂದು ಇಂದು ಸಂಗೀತ ಕಲಿಯುವವರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗೆ ಅಂಗಡಿಯ ದರಪಟ್ಟಿ ನೋಡಿ ಉತ್ತರ ಹೇಳಲಾಗದು. ಏಕೆಂದರೆ ಹಿಂದಿನ ಶ್ರುತಿಯ ಖರ್ಚಿನಲ್ಲಿ ಹಣಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಹೊತ್ತು ಮತ್ತು ಕಿವಿ ಸೇರಿದ್ದವು.

ಈ ಸೀಮೆಯ ಹಳ್ಳಿಗಳ ಹಳೆಯ ಶ್ರುತಿ ಏಕತಾರಿಯದು. ಒಣಗಿದ ಸೋರೆಬುರುಡೆ, ಒಂದು ಬಿದಿರಿನ ದಂಡಿ, ಒಂದು ತಂತಿ, ಇಷ್ಟರಲ್ಲೇ ಆಗುವ ಈ ವಾದ್ಯಕ್ಕೆ ಊರಿನಲ್ಲಿ ಸಿಗುವ ಸಾಮಾನೇ ಸಾಕಾಗುತ್ತಿತ್ತು. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಷರೀಫರು (1819–1889) ಮತ್ತು ಅವರ ಸಮಕಾಲೀನರಾದ ನವಲಗುಂದದ ಅಜಾತ ನಾಗಲಿಂಗ ಸ್ವಾಮಿಗಳು ಬಾಳಿದ ನೆಲ ಇದು. ಅಧ್ಯಾತ್ಮದ ಅನುಭವವನ್ನು ಆಡುಮಾತಿನಲ್ಲಿ ಹೇಳುವ ತತ್ವಪದಗಳು ಇಲ್ಲಿ ಏಕತಾರಿ, ತಾಳ, ದಮ್ಮಡಿಗಳ ಜೊತೆಗೇ ಬೆಳೆದವು, ಮತ್ತು ತಂಬೂರಿಯನ್ನೇ ವಸ್ತುವಾಗಿಟ್ಟುಕೊಂಡು ಷರೀಫರು ಪದ ಕಟ್ಟಿದರು. ಹಾಡುವವನೇ ತನ್ನ ಬೆರಳಿನಿಂದ ಮೀಟಿಕೊಳ್ಳುತ್ತಿದ್ದುದರಿಂದ ಶ್ರುತಿಗಾಗಿ ಇನ್ನೊಬ್ಬರನ್ನು ಕಾಯುವ ಪ್ರಸಂಗ ಅವನಿಗೆ ಬರುತ್ತಿರಲಿಲ್ಲ. ಅಂದಿನ ಗಂಟಲಿಗೆ ತಕ್ಕಂತೆ ತಂತಿಯನ್ನು ಏರಿಸುವುದೂ ಇಳಿಸುವುದೂ ಅವನ ಕೈಯಲ್ಲೇ ಇತ್ತು.

ಶಾಸ್ತ್ರೀಯ ಸಂಗೀತದ ನಾಲ್ಕು ತಂತಿಯ ತಂಬೂರಿಯ ಲೆಕ್ಕ ಬೇರೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳ ಗಾಯಕರಿಗೆ ತಂಬೂರಿ ಬರುತ್ತಿದ್ದುದು ಮುಖ್ಯವಾಗಿ ಮಿರಜಿನಿಂದ. ಅಲ್ಲಿ 19ನೆಯ ಶತಮಾನದ ನಡುವಿನಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಕುಟುಂಬಕ್ಕೆ ಸೇರಿದ ಫರೀದಸಾಹೇಬರು ತಂತಿವಾದ್ಯಗಳ ತಯಾರಿಕೆಗೆ ಇಳಿದರು. ಅವರ ಪೀಳಿಗೆಯವರು ಮುಂದುವರಿಸಿದ ಈ ಕಸುಬಿನ ಸಿತಾರು ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ತಂಬೂರಿಯ ಮೊದಲ ತಂತಿ ಸಾಮಾನ್ಯವಾಗಿ ಪಂಚಮಕ್ಕೆ, ಪಂಚಮವಿಲ್ಲದ ರಾಗಗಳಲ್ಲಿ ಮಧ್ಯಮಕ್ಕೋ ನಿಷಾದಕ್ಕೋ ಕೂಡುತ್ತದೆ. ನಡುವಿನ ಎರಡು ಉಕ್ಕಿನ ತಂತಿಗಳು ಜೋಡಿ ಎನಿಸಿ ಷಡ್ಜ ನುಡಿಯುತ್ತವೆ. ಕೊನೆಯ ಹಿತ್ತಾಳೆ ತಂತಿ ಖರಜ, ಅಂದರೆ ಒಂದು ಸಪ್ತಕ ಕೆಳಗಿನ ಷಡ್ಜ. ಬಿರಡೆ ತಿರುವಿ ತಂತಿಯನ್ನು ಸ್ವರದ ಹತ್ತಿರಕ್ಕೆ ತಂದ ಮೇಲೆ, ತಂತಿಗಳನ್ನು ಹೊರುವ ಕುದುರೆಯ ಕೆಳಗೆ ತಂತಿಗೆ ಪೋಣಿಸಿದ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಸ್ವರವನ್ನು ಖಚಿತಗೊಳಿಸಬೇಕು. ಆಮೇಲೆ ತಂತಿಗೂ ಕುದುರೆಯ ಬೆನ್ನಿಗೂ ನಡುವೆ ಒಂದು ನೂಲೆಳೆಯನ್ನು ಸೇರಿಸಿ ಹಿಂದೆ ಮುಂದೆ ಎಳೆಯುತ್ತ ಹೋದರೆ ಯಾವುದೋ ಒಂದು ಬಿಂದುವಿನಲ್ಲಿ ಮಂಕಾಗಿದ್ದ ನಾದ ಒಮ್ಮೆಲೇ ಅರಳಿ ಝೇಂಕರಿಸತೊಡಗುತ್ತದೆ. ಜವಾರಿ ಎಂದು ಕರೆಯುವ ಈ ಗುಣ ಕುದುರೆಯ ಬೆನ್ನನ್ನು ಅರದಿಂದ ಉಜ್ಜಿದ ರೀತಿಯನ್ನು ಅವಲಂಬಿಸಿರುತ್ತದೆ, ಮತ್ತು ತಂತಿ ಅಲ್ಲಿ ಸವೆಸಿದ ಗೆರೆ ಆಳವಾದಾಗ ವಾದ್ಯವನ್ನು ಮತ್ತೆ ಕುಶಲಿಯ ಕೈಗೆ ಒಪ್ಪಿಸಬೇಕಾಗುತ್ತದೆ.

ಜವಾರಿಯ ಮರ್ಮವನ್ನು ಭೌತಶಾಸ್ತ್ರದ ಭಾಷೆಯಲ್ಲಿ ಮೊದಲು ಹೇಳಿದವರು ಸಿ.ವಿ. ರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು (ಮೂಲಸ್ವರದೊಡನೆ ಕೇಳಿಸುವ ಮೇಲಿನ ಸ್ವರಗಳು) ಹುಟ್ಟುವುದಿಲ್ಲ ಎಂಬುದು ಯುರೋಪಿನಲ್ಲಿ ಸ್ಥಿರಪಟ್ಟಿದ್ದ ನಿಯಮವಾಗಿತ್ತು. ವೀಣೆ ಮತ್ತು ತಂಬೂರಿಗಳಲ್ಲಿ ಈ ನಿಯಮ ನಿಲ್ಲುವುದಿಲ್ಲವೆಂದು, ಅದಕ್ಕೆ ಬಾಗಿದ ಅಗಲ ಕುದುರೆಯೇ ಕಾರಣವೆಂದು ಅವರು 1921ರ ಪ್ರಬಂಧದಲ್ಲಿ ತೋರಿಸಿದರು. ಯಾರೂ ಮೀಟದ ಗಾಂಧಾರ ಖರಜದ ತಂತಿಯಿಂದ ತಾನಾಗಿ ಕೇಳಿಬರುತ್ತದೆಂದು ಗಾಯಕರು ತಲೆಮಾರುಗಳಿಂದ ಹೇಳುತ್ತ ಬಂದದ್ದು ಭ್ರಮೆಯಲ್ಲ. ಅದು ಆ ತಂತಿಯ ಐದನೆಯ ಉಪಸ್ವರ. ಈ ಸಹಜ ಗಾಂಧಾರವು ಇಂದಿನ ಹಾರ್ಮೋನಿಯಂನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಸಪ್ತಕವೊಂದನ್ನು 1200 ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಸೆಂಟ್.

ಇಂಥ ವಾದ್ಯವನ್ನು ನುಡಿಸುತ್ತ ಕೂರಲು ಒಬ್ಬರು ಬೇಕಿತ್ತು, ಸಾಮಾನ್ಯವಾಗಿ ಆ ಸ್ಥಾನ ಶಿಷ್ಯರದು. ಕುಂದಗೋಳದ ನಾಡಿಗೇರ ವಾಡೆ ಕಿರಾನಾ ಘರಾಣೆ ಎಂಬ ಗಾಯನ ಪರಂಪರೆಗೆ ಕನ್ನಡ ನೆಲದಲ್ಲಿ ನೆಲೆ ಕೊಟ್ಟ ಮನೆ. ಅಬ್ದುಲ್ ಕರೀಂ ಖಾನರ (1872–1937) ಶಿಷ್ಯರಾದ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರರು (1886–1952), ಕುಂದಗೋಳದಲ್ಲಿ ಪಾಠ ಹೇಳುತ್ತಿದ್ದಾಗ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು, ಭೀಮಸೇನ ಜೋಶಿಯವರು 1936ರ ಸುಮಾರಿಗೆ ಬಂದು ಗುರುವಿನ ಬಳಿಯೇ ಉಳಿದರು. ಮುಂದೆ ಗಂಗೂಬಾಯಿಯವರ ಬೆನ್ನ ಹಿಂದೆ ತಂಬೂರಿ ಹಿಡಿದು ಅವರಿಗೆ ಸ್ವರ ಕೂಡಿಸುತ್ತಿದ್ದವರು ಮಗಳು ಕೃಷ್ಣಾ. ಗುರುವಿನ ಬೆನ್ನಿಗೆ ಕುಳಿತು ನಾಲ್ಕು ತಂತಿಗಳನ್ನು ಒಂದೇ ಹದದಲ್ಲಿ ಮೀಟುವುದು ಸೇವೆಯೂ ಹೌದು, ಪಾಠವೂ ಹೌದು: ರಾಗದ ಬೆಳವಣಿಗೆಯನ್ನು ಗಂಟೆಗಟ್ಟಲೆ ಹತ್ತಿರದಿಂದ ಕೇಳುವ ಅವಕಾಶ ಬೇರೆ ಯಾವ ಜಾಗದಲ್ಲೂ ಅಷ್ಟು ಸಿಗುತ್ತಿರಲಿಲ್ಲ. ತಂಬೂರಿಯ ಖರ್ಚನ್ನು ಲೆಕ್ಕಹಾಕುವವರು ಈ ಗಳಿಕೆಯನ್ನೂ ಅದೇ ಪುಟದಲ್ಲಿ ಬರೆಯಬೇಕು.

ಪೇಟಿಯೆಂದು ಈ ಭಾಗದವರು ಕರೆಯುವ ಹಾರ್ಮೋನಿಯಂ ನಾಟಕ ಕಂಪನಿಗಳ ಮೂಲಕವೂ ಭಜನಾ ಮಂಡಳಿಗಳ ಮೂಲಕವೂ ಹಳ್ಳಿಗಳಲ್ಲಿ ಬೇರೂರಿತು. ಅದರ ಸ್ಥಿರ ಸ್ವರಗಳು ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲವೆಂಬ ಆಕ್ಷೇಪದಿಂದ, ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ 20ನೆಯ ಶತಮಾನದ ಆರಂಭದಲ್ಲಿ 22 ಶ್ರುತಿಗಳ ಹಾರ್ಮೋನಿಯಂ ಮಾಡಿಸಿದರು. ಅದು ಬಳಕೆಗೆ ಬರಲಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು, ಮತ್ತು 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದಾಗಲೂ ಆ ನಿಷೇಧ ಜಾರಿಯಲ್ಲಿತ್ತು. ಅದು ಸಡಿಲವಾದದ್ದು 1970ರ ದಶಕದಲ್ಲಿ. ಅಷ್ಟು ವರ್ಷ ರೇಡಿಯೊದಲ್ಲಿ ಕೇಳಿಸದ ವಾದ್ಯ ಗುಡಿಯ ಕಟ್ಟೆಯ ಮೇಲೆ ಶ್ರಾವಣವಿಡೀ ನುಡಿಯುತ್ತಿದ್ದದ್ದು, ವಿದ್ವಾಂಸರ ಆಕ್ಷೇಪ ಸರಿಯಾಗಿದ್ದಾಗಲೂ ಜನರ ಅಗತ್ಯ ಅದಕ್ಕಾಗಿ ಕಾಯುವುದಿಲ್ಲ ಎಂಬುದಕ್ಕೆ ಸಾಕ್ಷಿ.

ವಿದ್ಯುತ್ ಶ್ರುತಿಪೆಟ್ಟಿಗೆ ಕರ್ನಾಟಕದಲ್ಲೇ ರೂಪುಗೊಂಡ ಸಾಧನಗಳಲ್ಲೊಂದು. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆ ಇದರಲ್ಲಿ ಮುಂಚೂಣಿಯಲ್ಲಿತ್ತು. ಆರಂಭದ ಪೆಟ್ಟಿಗೆಗಳು ಟ್ರಾನ್ಸಿಸ್ಟರ್ ಮಂಡಲದಿಂದ ಸ್ವರವನ್ನು ಹುಟ್ಟಿಸುತ್ತಿದ್ದವು. ಆಮೇಲಿನವು ನಿಜವಾದ ತಂಬೂರಿಯ ನಾದವನ್ನು ಮುದ್ರಿಸಿಕೊಂಡು ಚಿಪ್‌ನೊಳಗಿಟ್ಟು ಮತ್ತೆ ಮತ್ತೆ ನುಡಿಸತೊಡಗಿದವು. ಮಿರಜಿಗೆ ಹೋಗಿ ತಂಬೂರಿ ತರುವ ಶಕ್ತಿಯಿಲ್ಲದ, ನುಡಿಸಿಕೊಡುವ ಜೊತೆಗಾರರೂ ಇಲ್ಲದ ಹಳ್ಳಿಯ ವಿದ್ಯಾರ್ಥಿಗೆ ಈ ಪೆಟ್ಟಿಗೆಯಿಂದ ಆದ ಉಪಕಾರ ದೊಡ್ಡದು. ನಸುಕಿನಲ್ಲಿ ಒಬ್ಬಂಟಿಯಾಗಿ ಕುಳಿತು ಖರಜ ಸಾಧನೆ ಮಾಡುವುದು ಮೊದಲ ಬಾರಿಗೆ ಎಲ್ಲರಿಗೂ ಎಟುಕಿತು. ತಿರುವುಗುಂಡಿಗಳ ಜಾಗ ಬೆರಳಿಗೆ ತಿಳಿಯುತ್ತಿದ್ದುದರಿಂದ, ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಅಂಧ ಗಾಯಕರ ಪರಂಪರೆಯುಳ್ಳ ನಾಡಿನಲ್ಲಿ ಇಂಥ ಪೆಟ್ಟಿಗೆಗೆ ಇನ್ನೊಂದು ಬೆಲೆಯೂ ಇದೆ. ಗಾಜಿನ ನುಣುಪು ಪರದೆಯ ಮೇಲೆ ಆ ಅನುಕೂಲ ಅಷ್ಟು ಸುಲಭವಾಗಿ ಸಿಗುವುದಿಲ್ಲ.

2008ರಲ್ಲಿ ಐಫೋನಿನ ಆ್ಯಪ್ ಅಂಗಡಿ ತೆರೆದ ನಂತರ ಅದೇ ಮುದ್ರಿತ ನಾದ ಫೋನಿನೊಳಗೆ ಬಂದಿತು. ಗಿಟಾರ್ ನುಡಿಸುವವರ ಲೋಕದಲ್ಲೂ ಇದೇ ಕಾಲದಲ್ಲಿ, ಆ್ಯಪ್ ತನ್ನ ಬೆಲೆಗೆ ತಕ್ಕದ್ದೇ ಎಂಬ ಇದೇ ಚರ್ಚೆ ಎದ್ದಿತು. ಗಿಟಾರಿನ ಪೆಡಲ್ ಎಂದರೆ ತಂತಿಯ ಸಂಕೇತವನ್ನು ಕಾಲಿನಿಂದ ಒತ್ತುವ ಗುಂಡಿಯ ಮೂಲಕ ಒಡೆದು, ಅದುರಿಸಿ, ಮಾರ್ದನಿಗೊಳಿಸಿ ಬಣ್ಣ ಬದಲಿಸುವ ಸಣ್ಣ ಡಬ್ಬಿ. 1962ರಲ್ಲಿ ಮಾರುಕಟ್ಟೆಗೆ ಬಂದ ಮೇಸ್ಟ್ರೊ ಎಫ್‌ಜಡ್-1 ಈ ಜಾತಿಯ ಆರಂಭದ ಡಬ್ಬಿಗಳಲ್ಲಿ ಪ್ರಸಿದ್ಧವಾದುದು. ಒಂದೊಂದು ಬಣ್ಣಕ್ಕೆ ಒಂದೊಂದು ಡಬ್ಬಿ ಕೊಳ್ಳುವ ಬದಲು ಫೋನಿನಿಂದ ಬೇಕಾದ ಬಣ್ಣವನ್ನು ತುಂಬಿಕೊಳ್ಳುವ ಪೆಡಲ್‌ಗಳು 2010ರ ದಶಕದಲ್ಲಿ ಬಂದವು, ಡಿಜಿಟೆಕ್‌ನ ಐಸ್ಟಾಂಪ್ ಅವುಗಳಲ್ಲೊಂದು. ಹಳೆಯ ಡಬ್ಬಿಯ ಬೆಸುಗೆ ಬಿಟ್ಟರೆ ಮತ್ತೆ ಬೆಸೆಯಬಹುದು. ಆ್ಯಪ್ ಆಧರಿಸಿದ ಡಬ್ಬಿಯ ಆಯುಷ್ಯ ಮಾತ್ರ ಅದರ ಲೋಹಕ್ಕಿಂತ ಹೆಚ್ಚಾಗಿ ಫೋನಿನ ತಂತ್ರಾಂಶಕ್ಕೆ ಕಟ್ಟುಬಿದ್ದಿರುತ್ತದೆ. 2017ರಲ್ಲಿ ಐಫೋನಿನ ಐಒಎಸ್ 11 ಬಂದಾಗ 32 ಬಿಟ್‌ನ ಹಳೆಯ ಆ್ಯಪ್‌ಗಳು ತೆರೆಯುವುದನ್ನೇ ನಿಲ್ಲಿಸಿದ್ದು, ಹಣ ಕೊಟ್ಟು ಕೊಂಡದ್ದೂ ಕೈಬಿಟ್ಟುಹೋಗಬಹುದೆಂಬುದನ್ನು ಸಂಗೀತಗಾರರಿಗೆ ತೋರಿಸಿಕೊಟ್ಟಿತು.

ಶ್ರುತಿಯ ಆ್ಯಪ್‌ಗೆ ಇನ್ನೊಂದು ಮಿತಿಯಿದೆ, ಅದನ್ನು ಕಿವಿಯೇ ಹೇಳುತ್ತದೆ. ಗಾಯಕನೊಬ್ಬನ ಷಡ್ಜ ಪೇಟಿಯ ಭಾಷೆಯಲ್ಲಿ ಕಪ್ಪು ಒಂದು ಎಂದಿಟ್ಟುಕೊಂಡರೆ ಅದರ ಕಂಪನ ಸೆಕೆಂಡಿಗೆ ಸುಮಾರು 138, ಖರಜದ್ದು ಸುಮಾರು 69. ಉಗುರಗಲದ ಫೋನ್ ಸ್ಪೀಕರಿನಿಂದ ಇಷ್ಟು ಕೆಳಗಿನ ನಾದ ಹೊರಡುವುದು ಕಷ್ಟ; ಕೇಳುವವರ ಮಿದುಳು ಮೇಲಿನ ಉಪಸ್ವರಗಳಿಂದ ಕೆಳಗಿನ ಷಡ್ಜವನ್ನು ಊಹಿಸಿಕೊಳ್ಳುತ್ತದೆ. ಆದ್ದರಿಂದ ಉಚಿತವಾಗಿ ಅಥವಾ ಕೆಲವು ನೂರು ರೂಪಾಯಿಗೆ ಸಿಕ್ಕ ಆ್ಯಪ್ ಮಂಡಳಿಯ ನಡುವೆ ಕೇಳಿಸಬೇಕಾದರೆ ಒಳ್ಳೆಯ ಸ್ಪೀಕರಿಗೆ ಸಾವಿರಗಳಲ್ಲಿ ತೆರಬೇಕಾಗುತ್ತದೆ, ಮತ್ತು ಆ ಮೊತ್ತವೇ ಆ್ಯಪ್‌ನ ನಿಜವಾದ ಬೆಲೆ.

ಈ ಎಲ್ಲವನ್ನೂ ಕೂಡಿಸಿ ನೋಡಿದರೆ, ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಆ್ಯಪ್ ನಿಸ್ಸಂದೇಹವಾಗಿ ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಧನ, ಜೊತೆಗೆ ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಪರದೆಯ ಮೇಲೆ ಬೆರಳಿಟ್ಟ ಕ್ಷಣವೇ ಸಿದ್ಧವಾಗುವ ಶ್ರುತಿಯಿಂದ ತಂತಿ ಕೂಡಿಸುವ ವಿದ್ಯೆ ಬರುವುದಿಲ್ಲ, ಮತ್ತು ಆ ವಿದ್ಯೆ ಇಲ್ಲದ ಕಿವಿಗೆ ತನ್ನ ಸ್ವರ ಎಲ್ಲಿ ಜಾರಿತೆಂದು ತಿಳಿಯುವುದು ತಡವಾಗುತ್ತದೆ. ಆದ್ದರಿಂದ ಧಾರವಾಡ ಸೀಮೆಯ ಸಂಗೀತ ಪಾಠಶಾಲೆಗಳು ಕನಿಷ್ಠ ಒಂದು ಮಿರಜ್ ತಂಬೂರಿಯನ್ನು ಸುಸ್ಥಿತಿಯಲ್ಲಿಟ್ಟು ಪ್ರತಿ ವಿದ್ಯಾರ್ಥಿಯಿಂದಲೂ ಬಿರಡೆ ತಿರುವಿಸಿ, ಮಣಿ ಸರಿಸಿ, ನೂಲೆಳೆ ಹೂಡಿಸಬೇಕು. ಮೊರಬದಂಥ ಊರಿನ ಭಜನಾ ಮಂಡಳಿಯ ಕೈಯಲ್ಲಿ ಸ್ವಲ್ಪ ಹಣ ಕೂಡಿದ್ದರೆ, ಪೇಟಿಯ ರಿಪೇರಿ ಮತ್ತು ಹೊಸ ಏಕತಾರಿ ಮೊದಲ ಖರ್ಚಾಗಲಿ, ಸ್ಪೀಕರು ಎರಡನೆಯದಾಗಲಿ. ಆ್ಯಪ್ ಹೇಗೂ ಯಾರಾದರೊಬ್ಬರ ಫೋನಿನಲ್ಲಿ ಇದ್ದೇ ಇರುತ್ತದೆ.