ಹೆಂಡದಂಗಡಿಗಳ ಜಾಡಿನಲ್ಲಿ

ಗುಡಿಗಳ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೆಂಡದಂಗಡಿಯ ಚರಿತ್ರೆಯನ್ನು ಬರೆದವರು ಕಡಮೆ. ಗುಡಿಗೆ ಶಾಸನವುಂಟು, ಅಂಗಡಿಗೆ ಇದ್ದುದು ಅಬ್ಕಾರಿ ಹರಾಜಿನ ಕಾಗದವಷ್ಟೆ. ಆದರೂ ಹಳೆಯ ಮೈಸೂರು ಸೀಮೆಯ ದುಡಿಯುವ ಜನ ಸಂಜೆಯ ಹೊತ್ತು ಕೂಡುತ್ತಿದ್ದ ಸ್ಥಳ ಅದು. ಕಳೆದ ಬೇಸಗೆಯ ರಜೆಯಲ್ಲಿ ನಾನೂ ಇತಿಹಾಸದ ಅಧ್ಯಾಪಕರಾದ ಗೆಳೆಯರೊಬ್ಬರೂ ಅವರ ಕಾರಿನಲ್ಲಿ ಮದ್ದೂರು, ಮಳವಳ್ಳಿ, ಮಂಡ್ಯಗಳನ್ನು ಸುತ್ತಿದ್ದು ಈ ಜಾಡನ್ನು ಹಿಡಿದು. ನಮ್ಮಿಬ್ಬರಲ್ಲಿ ಕುಡಿಯುವವರು ಯಾರೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಟ್ಟರೆ ವಾಚಕರು ನಿಶ್ಚಿಂತರಾಗಿ ಮುಂದಕ್ಕೆ ಓದಬಹುದು.

2023ರಲ್ಲಿ ತೆರೆದ ಹೊಸ ಹೆದ್ದಾರಿ ಮದ್ದೂರನ್ನೂ ಮಂಡ್ಯವನ್ನೂ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ನಾವು ಹಳೆಯ ರಸ್ತೆಯಲ್ಲೇ ಹೋದೆವು. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗುವುದುಂಟೆ? ಅದನ್ನು ಮುಗಿಸಿ ಪಕ್ಕದ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ನಿಂತೆವು. 1938ರ ಏಪ್ರಿಲಿನಲ್ಲಿ ಟಿ. ಸಿದ್ದಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ಧ್ವಜವೇರಿಸಿದ ನೆಲ ಅದು. ಧ್ವಜದ ಸಂಗತಿ ಎಲ್ಲರಿಗೂ ಗೊತ್ತು. ಅಂದಿನ ಚಳವಳಿಗಾರರಿಗೆ ಈಚಲು ಮರವೂ ಶತ್ರುವಾಗಿತ್ತೆಂಬುದನ್ನು ನಾವು ಮರೆತಿದ್ದೇವೆ. ಹೆಂಡದ ಗುತ್ತಿಗೆಯಿಂದ ಸರ್ಕಾರದ ಬೊಕ್ಕಸ ತುಂಬುತ್ತಿತ್ತು. ಮರ ಕಡಿದರೆ ಕುಡಿತಕ್ಕೂ ಬೊಕ್ಕಸಕ್ಕೂ ಒಟ್ಟಿಗೇ ಪೆಟ್ಟು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳು ಉರುಳಿದವು. ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗಲೇ, 1967ರಲ್ಲಿ, ರಾಜ್ಯದ ಪಾನನಿರೋಧ ತೆರವಾಯಿತು. "ಬೊಕ್ಕಸಕ್ಕೆ ಕುಡುಕನಿಗಿಂತ ಹೆಚ್ಚು ಬಾಯಾರಿಕೆ" ಎಂದರು ಗೆಳೆಯರು.

ಮಳವಳ್ಳಿಯ ದಾರಿಯಲ್ಲಿ ಹಳ್ಳದ ದಂಡೆಯ ಮೇಲೆ ನಾಲ್ಕಾರು ಮುದಿ ಈಚಲು ಮರಗಳು ಕಂಡವು. ನಾವು ಹುಡುಕುತ್ತಿದ್ದ ದಾಖಲೆ ಸಿಕ್ಕಿದ್ದು ಇಲ್ಲಿ. ಹೆಂಡ ಇಳಿಸುವವನು ಈಚಲಿನ ಸುಳಿಯ ಕೆಳಗೆ ಮರದ ಮೈಯನ್ನು ಹೆರೆದು, ರಸ ಒಸರುವಲ್ಲಿಗೆ ಗಡಿಗೆ ಕಟ್ಟುತ್ತಾನೆ. ನಸುಕಿನಲ್ಲಿ ಇಳಿಸಿದರೆ ಅದು ಸಿಹಿಯಾದ ನೀರಾ. ಬಿಸಿಲೇರಿದಂತೆ ಹುಳಿತು ಹೆಂಡವಾಗುತ್ತದೆ. ಒಂದು ಸಲ ಹೆರೆದ ಮಗ್ಗುಲನ್ನು ಮರುಸಲ ಮುಟ್ಟುವುದಿಲ್ಲ. ಎದುರು ಮಗ್ಗುಲಿಗೆ ಕತ್ತಿ ಹಾಕುತ್ತಾರೆ. ಹೀಗಾಗಿ ಮರ ಬೆಳೆದಂತೆಲ್ಲ ಕಾಂಡದ ಎರಡೂ ಕಡೆ ಮೆಟ್ಟಿಲಿನಂತೆ ಕಚ್ಚುಗಳು ಏಳುತ್ತವೆ. ಒಂದೊಂದು ಕಚ್ಚೂ ಒಂದೊಂದು ಋತುವಿನ ಲೆಕ್ಕ. ಅಲ್ಲಿ ಮೇಕೆ ಕಾಯುತ್ತಿದ್ದ ವೃದ್ಧರೊಬ್ಬರು, ಹಿಂದೆ ಅದೇ ಕಸುಬಿನವರು, "ಎಣಿಸ್ಕಳಿ ಸ್ವಾಮಿ, ಎಷ್ಟು ಕಚ್ಚವೋ ಅಷ್ಟು ಸರ್ತಿ ಗಡಿಗೆ ಕಟ್ಟಿವ್ನಿ" ಎಂದರು. ಹದಿನಾಲ್ಕು ಎಣಿಸಿದೆವು. ಅಲ್ಲಿಂದ ಮೇಲಕ್ಕೆ ಕಾಂಡ ನುಣುಪು. 2004ರಲ್ಲಿ ಕರಾವಳಿಯನ್ನು ಬಿಟ್ಟು ಉಳಿದೆಡೆ ಹೆಂಡ ಇಳಿಸುವುದು ನಿಂತುಹೋಯಿತು. ಈಡಿಗರ ಎಷ್ಟೋ ಮನೆಗಳಲ್ಲಿ ಕತ್ತಿ ಅಟ್ಟ ಸೇರಿದ್ದು ಆಗ.

ಕನ್ನಡ ಪಾಠ ಹೇಳುವವನಾದ ನನಗೆ ಅಲ್ಲಿ ನೆನಪಾದವನು ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ. ಹೆಂಡ ಮಾರುತ್ತಲೇ ವಚನ ಬರೆದ ಶರಣ; ಕಾಯಕ ಅವನ ಹೆಸರಿನಲ್ಲೇ ಉಳಿದಿದೆ. ಅಲ್ಲಿಂದ ಎಂಟು ಶತಮಾನ ದಾಟಿದರೆ ರಾಜರತ್ನಂ ಅವರ ರತ್ನ. ಬೌದ್ಧ ಸಾಹಿತ್ಯದ ಪಂಡಿತರೊಬ್ಬರು ಹೆಂಡದಂಗಡಿಯ ಆಡುಮಾತನ್ನು ಕಾವ್ಯಕ್ಕೆ ತಂದಾಗ ಮಡಿವಂತರು ಮೂಗು ಮುರಿಯದೆ ಇರುತ್ತಾರೆಯೆ? ಆ ಮಾತು ಇಂದಿಗೂ ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುತ್ತದೆ. ಅಂಗಡಿ ಮಾತ್ರ ಇಲ್ಲ. 1799ರ ಮಾರ್ಚ್ 27ರಂದು ಇದೇ ಊರಿನ ಬಳಿ ಇಂಗ್ಲಿಷರೊಡನೆ ಕಾದಿದ ಟಿಪ್ಪು ಸುಲ್ತಾನನೂ ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದ್ದವನೇ. ಮುಚ್ಚುವುದು, ಮತ್ತೆ ತೆರೆಯುವುದು ನಮ್ಮ ನಾಡಿಗೆ ಹೊಸತಲ್ಲ.

ಮಂಡ್ಯದ ಕಥೆ ಬೇರೆ. ಈಚಲು ಹಳ್ಳದ ಮರ, ಕಬ್ಬು ನಾಲೆಯ ಬೆಳೆ. ಕನ್ನಂಬಾಡಿಯ ನೀರು ಬಂದು 1933ರಲ್ಲಿ ಸಕ್ಕರೆ ಕಂಪನಿ ನಿಂತಿತು. ಸಕ್ಕರೆಯ ಬೆನ್ನಿಗೇ ಕಾಕಂಬಿ, ಕಾಕಂಬಿಯಿಂದ ಮದ್ಯಸಾರ. ಮರ ಹತ್ತಿ ಇಳಿಸಿದ ಹೆಂಡ ಸಂಜೆಯೊಳಗೆ ಖರ್ಚಾಗಬೇಕು; ಭಟ್ಟಿಯ ಸಾರಾಯಿಗೆ ಆ ಅವಸರವಿಲ್ಲ. ಹಳ್ಳಿಯ ಹೆಂಡವನ್ನು ಹಿಂದಕ್ಕೆ ತಳ್ಳಿದ್ದರಲ್ಲಿ ಕಾನೂನಿಗಿಂತ ಮೊದಲ ಪಾಲು ಈ ಸಾರಾಯಿಯದೇ ಎಂದು ನನಗೆ ತೋರುತ್ತದೆ. ಆ ಸಾರಾಯಿಯೂ 2007ರ ಜುಲೈ 1ರಂದು ರಾಜ್ಯದಲ್ಲೆಲ್ಲ ನಿಷಿದ್ಧವಾಯಿತು.

ಪೇಟೆಯ ಒಂದು ಗಲ್ಲಿಯಲ್ಲಿ ಹಳೆಯ ಸಾರಾಯಿ ಅಂಗಡಿಯಿದ್ದ ಕಟ್ಟಡವನ್ನು ತೋರಿಸಿದರು. ಈಗ ಅಲ್ಲಿ ಗೊಬ್ಬರದ ಮೂಟೆಗಳು. ಹಣ ಎಣಿಸುತ್ತಿದ್ದ ಕಿಂಡಿಯ ಕಬ್ಬಿಣದ ಸರಳು ಹಾಗೆಯೇ ಇದೆ. ನಾನು ಅದನ್ನು ನೋಡುತ್ತ ನಿಂತಿರಲು ಪಕ್ಕದ ಮನೆಯ ಜಗಲಿಯಿಂದ ಅಜ್ಜಿಯೊಬ್ಬರು, "ಏನಪ್ಪ ನೋಡ್ತೀಯೆ? ಅದ್ನ ಮುಚ್ಚಿದ್ ದಿನ ನಾನು ದ್ಯಾವ್ರಿಗೆ ಕಾಯಿ ಒಡ್ಸಿದ್ದೆ" ಎಂದರು. ಆಮೇಲೆ ಏನಾಯಿತು ಅಜ್ಜಿ ಎಂದೆ. "ಏನಾಯ್ತದೆ? ಆಗ ಅರ್ಧ ಕೂಲಿ ಓಯ್ತಿತ್ತು, ಈಗ ಬಾರ್ಗೆ ಪೂರಾ ಓಯ್ತದೆ." ಬಾರು ಅಲ್ಲಿಂದ ನೂರು ಹೆಜ್ಜೆ ದೂರದಲ್ಲೇ ಇತ್ತು. ಗಂಟೆ ಇನ್ನೂ ಹನ್ನೊಂದು. ಮೂರು ಮೇಜು ಆಗಲೇ ತುಂಬಿದ್ದವು.