ಹಿಂದಿನಿಂದ ಬೀಳುವ ಬೆಳಕು

ಟೆಲಿವಿಷನ್ ಹುಟ್ಟಿದಂದಿನಿಂದಲೂ ಅದರ ಬೆನ್ನಿಗೆ ಒಂದು ಆಸೆ ಅಂಟಿಕೊಂಡೇ ಬಂದಿದೆ: ಚಿತ್ರ ಇನ್ನೂ ಸ್ವಲ್ಪ ದೊಡ್ಡದಾಗಿದ್ದರೆ! 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾದಾಗ ಓಣಿಗೊಂದರಂತೆ ಇದ್ದ ಪುಟ್ಟ ಪೆಟ್ಟಿಗೆಗಳ ಮುಂದೆ ಕುಳಿತವರಿಗೆ ಆ ಆಸೆ ಏನೆಂದು ಹೇಳಿಕೊಡಬೇಕಾಗಿಲ್ಲ. ಮುಂದಿನ ಸಾಲಿನವರಿಗೆ ಚಿತ್ರ, ಹಿಂದಿನ ಸಾಲಿನವರಿಗೆ ಬರೀ ಮಾತು. ಕಪ್ಪು-ಬಿಳುಪಿನ ತೆರೆಯ ಮುಂದೆ ನೀಲಿ ಪ್ಲಾಸ್ಟಿಕ್ ಹಾಳೆ ತೂಗುಹಾಕಿ ಬಣ್ಣದ ಟಿ.ವಿ. ಎಂದು ನಂಬಿಕೊಂಡ ಮನೆಗಳೂ ಇದ್ದವು. ಮಹಡಿ ಹತ್ತಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವವರು ಒಬ್ಬರು, ಕೆಳಗಿನಿಂದ "ಹೋಯ್ತು, ಹೋಯ್ತು!" ಎನ್ನುವವರು ಇನ್ನೊಬ್ಬರು. ನಮ್ಮ ಕಾಲದ ಟಿ.ವಿ. ರಿಪೇರಿ ಎಂದರೆ ಮುಕ್ಕಾಲುಪಾಲು ಅಷ್ಟೆ.

ದೊಡ್ಡ ಚಿತ್ರಕ್ಕೆ ಅಡ್ಡ ಬಂದದ್ದು ಪಿಕ್ಚರ್ ಟ್ಯೂಬು. ಅದು ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಬುರುಡೆ. ಹೊರಗಿನ ಗಾಳಿಯ ಒತ್ತಡವನ್ನು ತಾಳಬೇಕಾದರೆ ಗಾಜು ದಪ್ಪಗಿರಬೇಕು. ಬುರುಡೆ ದೊಡ್ಡದಾದಷ್ಟೂ ಗಾಜು ದಪ್ಪ, ತೂಕ ಹೆಚ್ಚು, ಬೆಲೆ ಇನ್ನೂ ಹೆಚ್ಚು. ಇದಕ್ಕೆ ಅಮೆರಿಕದ ಆರ್.ಸಿ.ಎ. ಕಂಪೆನಿ 1947ರಲ್ಲಿ ಒಂದು ಉಪಾಯ ಮಾಡಿತು. ಐದೇ ಅಂಗುಲದ ಸಣ್ಣ ಟ್ಯೂಬಿನಲ್ಲಿ ಕಣ್ಣು ಕೋರೈಸುವಷ್ಟು ಪ್ರಖರವಾದ ಚಿತ್ರ ಮೂಡಿಸಿ, ಕನ್ನಡಿ-ಮಸೂರಗಳಿಂದ ಅದನ್ನು ಹಿಗ್ಗಿಸಿ, ಪೆಟ್ಟಿಗೆಯ ಒಳಗಿನಿಂದಲೇ ತೆರೆಯ ಬೆನ್ನಿಗೆ ಬೀಳಿಸುವುದು. ಸಿನಿಮಾ ನೋಡುವಾಗ ಬೆಳಕು ನಮ್ಮ ತಲೆಯ ಮೇಲಿಂದ ಹಾದು ಹೋಗಿ ಪರದೆಗೆ ಬೀಳುತ್ತದೆ. ಇಲ್ಲಿ ತೊಗಲುಗೊಂಬೆ ಆಟದ ಹಾಗೆ, ಬೆಳಕು ಪರದೆಯ ಹಿಂದಿನಿಂದ ಬರುತ್ತದೆ.

ಆ ಕನ್ನಡಿಯ ಏರ್ಪಾಡು ಮೂಲದಲ್ಲಿ ಟಿ.ವಿ.ಗೆಂದು ಹುಟ್ಟಿದ್ದಲ್ಲ. ಎಸ್ಟೋನಿಯದಲ್ಲಿ ಹುಟ್ಟಿದ ಬರ್ನ್‌ಹಾರ್ಡ್ ಸ್ಮಿತ್ ಎಂಬಾತ 1930ರಲ್ಲಿ ಜರ್ಮನಿಯ ಹ್ಯಾಂಬರ್ಗ್ ವೀಕ್ಷಣಾಲಯಕ್ಕಾಗಿ, ಆಕಾಶದ ವಿಶಾಲ ಭಾಗವನ್ನು ಒಂದೇ ಸಲಕ್ಕೆ ಹಿಡಿಯಲೆಂದು ಅದನ್ನು ರೂಪಿಸಿದ. ಹುಡುಗನಾಗಿದ್ದಾಗ ಮದ್ದಿನ ಪುಡಿಯೊಂದಿಗೆ ಆಟವಾಡಿ ಬಲಗೈ ಕಳೆದುಕೊಂಡಿದ್ದವನು ಅವನು. ಉಳಿದ ಒಂದು ಕೈಯಲ್ಲಿ ಗಾಜು ಉಜ್ಜಿ ಉಜ್ಜಿ ಅಂಥ ಮಸೂರ ಮಾಡಿದ. ನಕ್ಷತ್ರದ ಬೆಳಕನ್ನು ಒಳಕ್ಕೆ ತೆಗೆದುಕೊಳ್ಳುತ್ತಿದ್ದ ಆ ಸಾಧನವನ್ನು ಟಿ.ವಿ.ಯವರು ತಿರುಗುಮುರುಗು ಮಾಡಿ ಬೆಳಕನ್ನು ಹೊರಕ್ಕೆ ಚೆಲ್ಲಲು ಬಳಸಿದರು. ಇಂಥ ಸಂಬಂಧಗಳನ್ನು ಓದಿದಾಗ ನನಗೆ ಮದುವೆ ಮನೆಯಲ್ಲಿ ದೂರದ ನೆಂಟರು ಸಿಕ್ಕಷ್ಟು ಖುಷಿಯಾಗುತ್ತದೆ.

ಆದರೆ ಚಿತ್ರ ಮಂಕಾಗಿತ್ತು. 1950ರ ದಶಕದಲ್ಲಿ ಸಾಮಾನ್ಯ ಪಿಕ್ಚರ್ ಟ್ಯೂಬುಗಳೇ ಅಷ್ಟಿಷ್ಟು ದೊಡ್ಡದಾಗಿ ಬಂದದ್ದರಿಂದ ಜನ ಈ ಪೆಟ್ಟಿಗೆಯನ್ನು ಮರೆತರು. 1972ರಲ್ಲಿ ಹೆನ್ರಿ ಕ್ಲಾಸ್ ಎಂಬ, ಅದುವರೆಗೆ ಸ್ಪೀಕರುಗಳಿಗೆ ಹೆಸರಾಗಿದ್ದ ಅಮೆರಿಕನ್, ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಟ್ಯೂಬುಗಳನ್ನಿಟ್ಟು ಏಳಡಿ ಪರದೆಗೆ ಬಣ್ಣದ ಚಿತ್ರ ಎಸೆಯುವ ಯಂತ್ರವನ್ನು ಮಾರಾಟಕ್ಕಿಟ್ಟ. ಅದಕ್ಕೆ ಪರದೆ ಬೇರೆ, ಯಂತ್ರ ಬೇರೆ, ಕೋಣೆಯೂ ಕತ್ತಲಾಗಿರಬೇಕು. ಮುಂದೆ ಆ ಮೂರು ಟ್ಯೂಬುಗಳನ್ನು ಪೆಟ್ಟಿಗೆಯ ತಳದಲ್ಲಿ ಕೂರಿಸಿ, ಹಿಂಬದಿಗೆ ಓರೆಯಾಗಿ ದೊಡ್ಡ ಕನ್ನಡಿ ನಿಲ್ಲಿಸಿ, ಎಲ್ಲವನ್ನೂ ಒಂದೇ ಬೀರುವಿನಂತೆ ಮಾಡಿದಾಗ ಅದು ಅಮೆರಿಕದ ನಡುಮನೆಗಳಿಗೆ ಬಂತು. 1990ರ ದಶಕ ಅದರ ಒಳ್ಳೆಯ ಕಾಲ.

ನಾನು ಅದನ್ನು ಕಂಡದ್ದು 2003ರಲ್ಲಿ, ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದಾಗ. ಮನೆ ಬದಲಾಯಿಸುತ್ತಿದ್ದ ಯಾರೋ ಬಿಟ್ಟುಹೋಗುತ್ತಿದ್ದ 53 ಅಂಗುಲದ ಟಿ.ವಿ.ಯನ್ನು ಅಳಿಯಂದಿರು ನಾಲ್ಕು ಜನ ಸ್ನೇಹಿತರನ್ನು ಕರೆದುಕೊಂಡು ಹೋಗಿ ಹೊತ್ತು ತಂದಿದ್ದರು. ನಮ್ಮೂರಿನ ಗಾಡ್ರೆಜ್ ಬೀರು ಅದರ ಮುಂದೆ ತಂಗಿ. ಕಂಪೆನಿಯ ಹೆಸರು ಬೇಡ, ಬಹಳ ವರ್ಷ ದುಡಿದ ಯಂತ್ರ ಅದು. ಚಿತ್ರ ಮಾತ್ರ ನೋಡುವ ಹಾಗಿರಲಿಲ್ಲ. ಎಲ್ಲದಕ್ಕೂ ಒಂದು ಪಕ್ಕ ಕೆಂಪು ಅಂಚು, ಇನ್ನೊಂದು ಪಕ್ಕ ನೀಲಿ ಅಂಚು. ವಾರ್ತೆ ಓದುವವಳ ತುಟಿ ಒಂದು ಕಡೆ, ತುಟಿಯ ಬಣ್ಣ ಇನ್ನೊಂದು ಕಡೆ.

ವಾರ್ತೆಯವಳ ತುಟಿ ಕಟ್ಟಿಕೊಂಡು ನನಗೇನಾಗಬೇಕು? ಆದರೆ ಮಗಳು ತನ್ನ ಮದುವೆಯ ಕ್ಯಾಸೆಟ್ಟನ್ನು ಜೊತೆಯಲ್ಲಿ ಒಯ್ದಿದ್ದಳು. ನಮ್ಮವರು ತೀರಿಕೊಂಡು ಆಗ ಎರಡು ವರ್ಷ. ಅವರು ನಡೆದಾಡುವುದು, ಮಾತಾಡುವುದು ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಮಗು ರಾತ್ರಿ ಎದ್ದಾಗಲೆಲ್ಲ ಹಾಲೂಡಿಸುತ್ತ ಅವಳು ಅದನ್ನು ಹಾಕಿಕೊಂಡು ಕೂರುತ್ತಿದ್ದಳು. ಧಾರೆ ಎರೆಯುವ ಹೊತ್ತಿಗೆ ಅವರ ಮುಖ ಹತ್ತಿರ ಬರುತ್ತದೆ. ಬಂದರೆ ಮೂರು ಬಣ್ಣದ ಮೂರು ಮುಖ, ಒಂದರ ಪಕ್ಕ ಒಂದು ಜಾರಿಕೊಂಡು. "ಅಮ್ಮ, ಅಪ್ಪ ಎಲ್ಲಿ ನೋಡ್ತಿದಾರೆ ಅಂತಲೇ ಗೊತ್ತಾಗಲ್ಲ" ಎಂದಳು ಒಂದು ದಿನ. ಅಳಿಯಂದಿರ ಕಿವಿಗೂ ಅದು ಬಿತ್ತು. ಆ ಶನಿವಾರವೇ ಅವರು ಕೈಪಿಡಿ ಹಿಡಿದು ಕುಳಿತರು.

ಮೊದಲು ಮಾಡಿದ್ದು ಕಾಂಟ್ರಾಸ್ಟ್ ಇಳಿಸಿದ್ದು. ಅಂಗಡಿಯ ಝಗಝಗ ದೀಪದಡಿ ಎದ್ದು ಕಾಣಲೆಂದು ಕಾರ್ಖಾನೆಯಲ್ಲೇ ಅದನ್ನು ಜೋರಾಗಿಟ್ಟು ಕಳಿಸುತ್ತಿದ್ದರು. ಕೊಂಡವರು ಹಾಗೇ ಬಿಡುತ್ತಿದ್ದರು. ಅದರಿಂದ ಟ್ಯೂಬಿನ ಒಳಗಿನ ಲೇಪ ಬೇಗ ಸವೆಯುತ್ತದೆ, ಒಂದೇ ಗುರುತು ದಿನವಿಡೀ ನಿಂತ ಜಾಗದಲ್ಲಿ ಅದರ ನೆರಳು ಶಾಶ್ವತವಾಗಿ ಉಳಿಯುತ್ತದೆ. ಒಲೆಯ ಉರಿ ಎಷ್ಟಿರಬೇಕೆಂದು ತಿಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉರಿ ಇಳಿಸಿದ ಮೇಲೆ ಗೆರೆಗಳು ಒಂದಿಷ್ಟು ಚೂಪಾದವು.

ಆಮೇಲೆ ಮೂರು ಬಣ್ಣಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸ. ಇದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ. ಟ್ಯೂಬುಗಳು ಅಕ್ಕಪಕ್ಕ ಕುಳಿತಿರುವುದರಿಂದ ಪ್ರತಿಯೊಂದೂ ಪರದೆಯನ್ನು ಬೇರೆ ಬೇರೆ ಓರೆಯಲ್ಲಿ ನೋಡುತ್ತದೆ. ಆ ಓರೆಯನ್ನು ವಿದ್ಯುತ್ತಿನಿಂದ ತಿದ್ದಬೇಕು. ವರ್ಷಗಳು ಕಳೆದಂತೆ ತಿದ್ದುಪಡಿ ಜಾರುತ್ತದೆ. ಟಿ.ವಿ. ಹಾಕಿ ಅರ್ಧ ಗಂಟೆ ಕಾಯಬೇಕು, ಕಾವೇರದೆ ತಿದ್ದಿದರೆ ಕಾವೇರಿದ ಮೇಲೆ ಮತ್ತೆ ಜಾರುತ್ತದೆ. ಆಮೇಲೆ ಪರದೆಯ ಮೇಲೆ ಅಡ್ಡ-ಉದ್ದ ಗೆರೆಗಳ ಜಾಲ ಬರಿಸುವುದು. ಹಸಿರು ಗೆರೆಯನ್ನು ಮುಟ್ಟುವ ಹಾಗಿಲ್ಲ, ಅದೇ ಅಳತೆಗೋಲು. ಕೆಂಪನ್ನೂ ನೀಲಿಯನ್ನೂ ಒಂದೊಂದೇ ಬಿಂದುವಿನಲ್ಲಿ ಸರಿಸಿ ಹಸಿರಿನ ಮೇಲೆ ತರಬೇಕು. ಮೂರೂ ಕೂಡಿದಲ್ಲಿ ಗೆರೆ ಬೆಳ್ಳಗಾಗುತ್ತದೆ.

ಆ ಜಾಲ ನೋಡಿದೊಡನೆ ನನಗೆ ನಗು ಬಂತು. ಹದಿನೈದು ಚುಕ್ಕಿ, ಹದಿನೈದು ಸಾಲು! ರಿಮೋಟು ಅಳಿಯಂದಿರ ಕೈಲಿ, ಕಣ್ಣು ನನ್ನದು. "ಅತ್ತೆ, ಈಗ?" "ಕೆಂಪು ಇನ್ನೊಂದು ಎಳೆ ಎಡಕ್ಕೆ. ಸಾಕು, ಸಾಕು, ನೀವು ಜಾಸ್ತಿ ತಳ್ಳಿದಿರಿ." ನಡುವಿನಿಂದ ಶುರುಮಾಡಿ ಅಂಚಿಗೆ ಹೋಗಬೇಕು. ಮೂಲೆಯನ್ನು ಎಳೆದರೆ ಪಕ್ಕದ ಬಿಂದು ಅಲುಗುತ್ತದೆ. ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಇಡೀ ಬಳ್ಳಿ ಸೊಟ್ಟಗಾಗುವ ಹಾಗೆ. ಮಧ್ಯಾಹ್ನದ ಊಟ ತಣ್ಣಗಾಯಿತು. ಮೇಲಿನ ಬಲಮೂಲೆಯೊಂದು ಕೊನೆಗೂ ಹಟ ಬಿಡಲಿಲ್ಲ.

ಬಣ್ಣದ ಅಂಚು ಹೋಯಿತು, ಆದರೆ ಮಬ್ಬು ಹೋಗಲಿಲ್ಲ. ಒಳಗೆ ತೆಗೆದು ನೋಡಬೇಕೆಂದು ಒಬ್ಬ ವಯಸ್ಸಾದ ಮೆಕ್ಯಾನಿಕ್ಕನ್ನು ಕರೆಸಿದರು. ಅಳಿಯಂದಿರು ತಾವೇ ಬಿಚ್ಚದೆ ಇದ್ದದ್ದು ಒಳ್ಳೆಯದಾಯಿತು. ಆ ಟ್ಯೂಬುಗಳಿಗೆ ಮೂವತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರುತ್ತದೆ. ನಾನು ಟಾರ್ಚು ಹಿಡಿದು ನಿಂತೆ. ಕನ್ನಡಿಯ ಮೇಲೆ, ಮಸೂರಗಳ ಮೇಲೆ ಧೂಳಿನ ಪದರ. ಒರೆಸಲು ಕೈ ಚಾಚಿದವಳನ್ನು ಅವನು ತಡೆದ. ನಮ್ಮ ಮನೆಯ ಕನ್ನಡಿಯಲ್ಲಿ ಬೆಳ್ಳಿಯ ಲೇಪ ಗಾಜಿನ ಹಿಂದೆ ಇರುತ್ತದೆ, ಇದರಲ್ಲಿ ಮುಂದೆಯೇ ಇರುತ್ತದಂತೆ. ಸೆರಗಿನಿಂದ ಉಜ್ಜಿದರೆ ಲೇಪವೇ ಕಿತ್ತು ಬರುತ್ತದೆ. ಅವನು ಮೊದಲು ಗಾಳಿ ಊದಿ, ಆಮೇಲೆ ಮಗುವಿನ ಕೆನ್ನೆ ಸವರುವಂತೆ ಮೆತ್ತನೆಯ ಬಟ್ಟೆ ಆಡಿಸಿದ.

ನಿಜವಾದ ರೋಗ ಇನ್ನೂ ಒಳಗಿತ್ತು. ಸಣ್ಣ ಟ್ಯೂಬು ಅಷ್ಟು ಪ್ರಖರವಾಗಿ ಉರಿದರೆ ಬಿಸಿ ತಾಳದೆ ಒಡೆದುಹೋದೀತಲ್ಲ? ಅದಕ್ಕೇ ಟ್ಯೂಬಿನ ಮುಖಕ್ಕೂ ಮಸೂರಕ್ಕೂ ನಡುವೆ ಗ್ಲೈಕಾಲ್ ಎಂಬ ದ್ರವ ತುಂಬಿಸಿರುತ್ತಾರೆ, ಕಾರಿನ ರೇಡಿಯೇಟರಿಗೆ ಹಾಕುವಂಥದ್ದೇ. ಬೆಳಕು ಆ ದ್ರವವನ್ನು ದಾಟಿಯೇ ಹೊರಗೆ ಬರಬೇಕು. ಹಸಿರು, ನೀಲಿ ಎರಡು ಟ್ಯೂಬುಗಳ ದ್ರವದಲ್ಲಿ ಹಳೆಯ ಉಪ್ಪಿನಕಾಯಿಯ ಮೇಲೆ ಕಟ್ಟುವ ಬೂಷ್ಟಿನಂತೆ ಬೆಳ್ಳಗೆ ಏನೋ ತೇಲುತ್ತಿತ್ತು. ಅದನ್ನು ಬಸಿದು, ತೊಳೆದು, ಹೊಸದು ತುಂಬಿಸಲು ಅರ್ಧ ದಿನ ಹಿಡಿಯಿತು. ಹಾಗೆ ಬಿಚ್ಚಿ ಕಟ್ಟಿದ ಮೇಲೆ ಬಣ್ಣಗಳೆಲ್ಲ ಮತ್ತೆ ಜಾರಿದ್ದವು. ಇನ್ನೊಂದು ಸಲ ರಂಗೋಲಿಗೆ ಕುಳಿತೆವು.

ನೀಲಿಯದು ಮಾತ್ರ ಸ್ವಲ್ಪ ಮಸುಕಾಗೇ ಉಳಿಯಿತೆಂದು ನಾನು ಆಕ್ಷೇಪಿಸಿದೆ. ಮೆಕ್ಯಾನಿಕ್ ನಕ್ಕು, ಅದು ಇರಬೇಕಾದದ್ದೇ ಹಾಗೆ ಎಂದ. ನೀಲಿ ಲೇಪಕ್ಕೆ ಬೆಳಕು ಕೊಡುವ ಶಕ್ತಿ ಕಡಿಮೆ, ಕಿರಣವನ್ನು ತೀರ ಚೂಪು ಮಾಡಿದರೆ ಅದು ದಣಿಯುತ್ತದೆ, ಆದ್ದರಿಂದ ಬೇಕೆಂದೇ ಒಂದಿಷ್ಟು ಹರಡಿ ಬಿಡುತ್ತಾರೆ.

ಆ ರಾತ್ರಿ ಕ್ಯಾಸೆಟ್ ಹಾಕಿದೆವು. ಎಲ್ಲ ಸರಿಯಾಯಿತೆಂದು ಹೇಳಲಾರೆ. ನಮ್ಮ ದೇಶದ್ದು 625 ಗೆರೆಗಳ ಪಾಲ್ ಪದ್ಧತಿ, ಅಮೆರಿಕದ್ದು 525 ಗೆರೆಗಳ ಎನ್‌.ಟಿ.ಎಸ್‌.ಸಿ. ಪದ್ಧತಿ. ಅಲ್ಲಿ ನೋಡಬೇಕೆಂದರೆ ಕ್ಯಾಸೆಟ್ಟನ್ನು ಬದಲಾಯಿಸಿ ನಕಲು ಮಾಡಿಸಬೇಕಿತ್ತು. ಆ ನಕಲಿನ ಒರಟು, ನಮ್ಮೂರಿನ ವಿಡಿಯೋದವನು ಹಿಡಿದ ಸಾವಿರ ಕ್ಯಾಂಡಲ್ ದೀಪಕ್ಕೆ ಬಿಳಿಚಿಹೋದ ಪಂಚೆ, ಇವಕ್ಕೆ ಯಾವ ಟಿ.ವಿ.ಯೂ ಹೊಣೆಯಲ್ಲ. ಆದರೆ ಮುಖ ಒಂದೇ ಇತ್ತು. ಧಾರೆಯ ನೀರು ಬಿಡುವಾಗ ಅವರು ನೋಡುತ್ತಿದ್ದದ್ದು ಮಗಳ ಕೈಯನ್ನಲ್ಲ, ಪಕ್ಕದಲ್ಲಿದ್ದ ನನ್ನನ್ನು. ಮಗಳು ಅಲ್ಲಿಗೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಾಕಿದಳು. ಯಾರೂ ಏನೂ ಮಾತಾಡಲಿಲ್ಲ.

ಆ ಹೊತ್ತಿಗಾಗಲೇ ಇಂಥ ಟ್ಯೂಬುಗಳ ಕಾಲ ಮುಗಿಯುತ್ತ ಬಂದಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ, ಲಕ್ಷಾಂತರ ಕಿರುಗನ್ನಡಿಗಳು ಅಲುಗಾಡುವ ಚಿಪ್ಪು ಟ್ಯೂಬಿನ ಜಾಗಕ್ಕೆ ಬಂತು. ಪೆಟ್ಟಿಗೆ ತೆಳುವಾಯಿತು, ಮೂರು ಬಣ್ಣ ಕೂರಿಸುವ ಗೋಜು ತಪ್ಪಿತು, ಬದಲಿಗೆ ಒಳಗಿನ ದುಬಾರಿ ದೀಪ ಆಗಾಗ ಬದಲಾಯಿಸುವ ಖರ್ಚು ಬಂತು. ಗೋಡೆಗೆ ತೂಗುವ ಎಲ್‌.ಸಿ.ಡಿ. ಅಗ್ಗವಾದ ಮೇಲೆ ಅದೂ ಉಳಿಯಲಿಲ್ಲ. ಸೋನಿ 2007ರ ಕೊನೆಗೆ ತಾನು ಇದರಿಂದ ಹಿಂದೆ ಸರಿಯುವುದಾಗಿ ಹೇಳಿತು. 2012ರ ಡಿಸೆಂಬರಿನಲ್ಲಿ ಕೊನೆಯ ತಯಾರಕರಾದ ಮಿತ್ಸುಬಿಷಿಯವರೂ ಕೈಬಿಟ್ಟರು.

ನಮ್ಮ ಬೀರು ಅದಕ್ಕಿಂತ ಮೊದಲೇ ಕೆಟ್ಟಿತ್ತು. ಬಿಸಾಡುವ ಮುಂಚೆ ಅಳಿಯಂದಿರು ಅದರ ಪರದೆಯ ಒಳಪದರವನ್ನು ಬಿಚ್ಚಿಟ್ಟುಕೊಂಡರು. ಅದು ಫ್ರೆನೆಲ್ ಮಸೂರ, ತೆಳ್ಳನೆಯ ಹಾಳೆಯಲ್ಲಿ ಉಂಗುರ ಉಂಗುರವಾಗಿ ಕೊರೆದದ್ದು. ಫ್ರಾನ್ಸಿನ ಫ್ರೆನೆಲ್ 1823ರಲ್ಲಿ ಕೊರ್ದುವಾನ್ ದೀಪಸ್ತಂಭಕ್ಕೆ ಹೂಡಿದ ಮಸೂರದ ಮರಿಮಗಳು. ಮುಂದಿನ ಬೇಸಿಗೆಯಲ್ಲಿ ಮೊಮ್ಮಗಳಿಗೆ ತೋರಿಸಲೆಂದು ಹಿತ್ತಲಲ್ಲಿ ಅದನ್ನು ಬಿಸಿಲಿಗೆ ಹಿಡಿದರಂತೆ. ಕೆಳಗಿಟ್ಟ ಹಲಗೆ ಕ್ಷಣದಲ್ಲಿ ಹೊಗೆಯಾಡಿ ಹೊತ್ತಿಕೊಂಡಿತಂತೆ. ಈಗ ಅದನ್ನು ಬಿಸಿಲು ತಾಗದ ಹಾಗೆ ಹಳೆಯ ಕಂಬಳಿಯಲ್ಲಿ ಸುತ್ತಿ, ಗ್ಯಾರೇಜಿನಲ್ಲಿ ಗೋಡೆಗೆ ಒರಗಿಸಿಟ್ಟಿದ್ದಾರೆ.